ಎವೆಗೀಳು: ಒಂದು ವ್ಯಾಧಿಯ ನಾಮವಿಚಾರವೂ ನಿಗ್ರಹೋಪಾಯವೂ

ಎವೆ ಎಂಬ ಮಾತು ಕನ್ನಡದಲ್ಲಿ ಕಣ್ಣಿನ ರೆಪ್ಪೆಗೂ ಅದರ ಅಂಚಿನ ಕೂದಲಿಗೂ ಸಲ್ಲುವುದು. ಸಂಸ್ಕೃತದ ಪಕ್ಷ್ಮಶಬ್ದಕ್ಕೆ ಕಣ್ಣಿನ ಕೂದಲು, ಹೂವಿನ ಕೇಸರ, ನೂಲಿನ ಸೂಕ್ಷ್ಮವಾದ ಎಳೆ ಎಂದು ಕೋಶಕಾರರು ಅರ್ಥ ಹೇಳಿರುವರು. ಕವಿಗಳ ವರ್ಣನೆಗೆ ಇಷ್ಟೊಂದು ಪಾತ್ರವಾದ ಎವೆಯನ್ನೂ ಹುಬ್ಬನ್ನೂ ತಮ್ಮ ಬೆರಳುಗಳಿಂದಲೇ ಕಿತ್ತುಕೊಳ್ಳುವ, ಬಿಡಬೇಕೆಂದು ಬಯಸಿದರೂ ಬಿಡಲಾರದ ಜನರುಂಟು. ತಲೆಗೂದಲನ್ನು ಕೀಳುವವರನ್ನೂ ಸೇರಿಸಿಕೊಂಡರೆ ಇಂಥವರು ನೂರಕ್ಕೆ ಒಬ್ಬರೋ ಇಬ್ಬರೋ ಇರುವರೆಂಬುದು ವೈದ್ಯರ ಗಣನೆ. ಬಹುಮಂದಿಗೆ ಈ ಬಾಧೆಯು ಹತ್ತರಿಂದ ಹದಿಮೂರು ವರ್ಷದ ವಯಸ್ಸಿನಲ್ಲಿಯೇ ತೊಡಗುವುದು. ಇದು ದುರಭ್ಯಾಸವೋ ವ್ಯಾಧಿಯೋ ಎಂಬ ನಿರ್ಣಯದ ಮೇಲೆ ಆ ಮಕ್ಕಳಿಗೆ ಸಲ್ಲತಕ್ಕದ್ದು ದಂಡನೆಯೋ ಚಿಕಿತ್ಸೆಯೋ ಎಂಬುದು ನಿಂತಿರುವುದರಿಂದ, ವಿಷಯವು ವಿಚಾರಣೀಯವಾಗಿದೆ.

ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಏಳನೆಯ ಪುಸ್ತಕದಲ್ಲಿ ಕೂದಲು ಕೀಳುವುದನ್ನೂ ಉಗುರು ಕಡಿಯುವುದನ್ನೂ ಒಟ್ಟಿಗೆ ಹೆಸರಿಸಿ, ವ್ಯಾಧಿಯಿಂದಲೋ ರೂಢಿಯಿಂದಲೋ ಉಂಟಾದ ಇಂಥ ಅವಸ್ಥೆಗಳನ್ನು ಸಾಮಾನ್ಯವಾದ ಅಸಂಯಮದ ಲೆಕ್ಕಕ್ಕೆ ಸೇರಿಸಲಾಗದೆಂದು ವಿವೇಚಿಸಿದನು. ಈ ಸೂಕ್ಷ್ಮವು ಅನಂತರದವರಲ್ಲಿ ಬಹುಕಾಲ ಮರೆತೇ ಹೋಯಿತೆನ್ನಬೇಕು. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಹಾಲೊಪೊ ಎಂಬಾತನು ಕೂದಲು, ಕೀಳುವಿಕೆ, ಉನ್ಮಾದ ಎಂಬರ್ಥದ ಮೂರು ಗ್ರೀಕ್ ಶಬ್ದಗಳನ್ನು ಕೂಡಿಸಿ ಟ್ರೈಕೊಟಿಲೊಮೇನಿಯಾ ಎಂಬ ಹೆಸರನ್ನು ಕಟ್ಟಿದನು. ಅಮೆರಿಕದ ಮನೋವೈದ್ಯರ ರೋಗಸಂಗ್ರಹಕ್ಕೆ ಇದು ಸೇರಿದುದು 1987ರಲ್ಲಿ. 2013ರ ಆವೃತ್ತಿಯಲ್ಲಿ ಇದನ್ನು ಗೀಳುರೋಗದ ಬಂಧುವರ್ಗಕ್ಕೆ ವರ್ಗಾಯಿಸಿದರು.

ಹಾಲೊಪೊ ಕಟ್ಟಿದ ಹೆಸರಿನ ಕೊನೆಯ ಪದವು ಅನರ್ಥಕಾರಿಯಾದುದು. ಎವೆ ಕೀಳುವವರಲ್ಲಿ ಬುದ್ಧಿವಿಭ್ರಮವಿಲ್ಲ. ತಾವು ಮಾಡುವುದು ತಮಗೆ ತಿಳಿದೇ ಇರುವುದು, ಅದರಿಂದಲೇ ಅವರ ಲಜ್ಜೆಯು ಅಧಿಕ. ಆದುದರಿಂದ ಕನ್ನಡದಲ್ಲಿ ಉನ್ಮಾದವೆಂದೂ ಹುಚ್ಚೆಂದೂ ಭಾಷಾಂತರಿಸುವುದು ಸರ್ವಥಾ ಯುಕ್ತವಲ್ಲ. ಕೇಶಲೋಚವೆಂಬ ಸಿದ್ಧಶಬ್ದವನ್ನು ತರುವುದೂ ತಪ್ಪು. ಅದು ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲೊಂದು. ಎರಡು, ಮೂರು ಅಥವಾ ನಾಲ್ಕು ತಿಂಗಳಿಗೊಮ್ಮೆ ಉಪವಾಸಪೂರ್ವಕವಾಗಿ ತಲೆ, ಗಡ್ಡ, ಮೀಸೆಗಳ ಕೂದಲನ್ನು ಕೈಯಿಂದ ತೆಗೆಯುವ ವ್ರತ. ಅಲ್ಲಿ ಸಂಕಲ್ಪವು ಕೈಯನ್ನು ನಡೆಸುತ್ತದೆ. ಇಲ್ಲಿ ಕೈಯು ಸಂಕಲ್ಪವನ್ನು ಮೀರುತ್ತದೆ. ಎವೆ ಎಂಬುದರ ಮುಂದೆ ಕೀಳು ಎಂಬುದನ್ನಿಟ್ಟರೆ, ಕೈಗೂಡು, ಕೈಗೊಳ್ಳು ಎಂಬಲ್ಲಿಯಂತೆ ಕಕಾರಕ್ಕೆ ಗಕಾರವು ಆದೇಶವಾಗಿ ಎವೆಗೀಳು ಎಂದಾಗುವುದು. ಬಿಡದೆ ಹಿಡಿದ ಚಟಕ್ಕೆ ಗೀಳೆಂಬ ಹೆಸರು ರೂಢಿಯಲ್ಲಿಯೇ ಇರುವುದರಿಂದ, ಕ್ರಿಯೆಯೂ ವ್ಯಾಧಿಯೂ ಒಂದೇ ಮಾತಿನಲ್ಲಿ ಅಡಗುವುವು.

ಎವೆಯುದುರುವುದೆಲ್ಲವೂ ಎವೆಗೀಳಲ್ಲ. ಆಯುರ್ವೇದದ ನೇತ್ರರೋಗಪ್ರಕರಣಗಳಲ್ಲಿ ಪಕ್ಷ್ಮಶಾತವೆಂದರೆ ಕೂದಲು ತಾನಾಗಿ ಉದುರುವುದು. ಪಕ್ಷ್ಮಕೋಪವೆಂದರೆ ಅದು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವುದು. ರೆಪ್ಪೆಯ ಉರಿಯೂತ, ಥೈರಾಯ್ಡ್ ಗ್ರಂಥಿಯ ದೋಷ ಮೊದಲಾದುವೂ ಎವೆಯನ್ನು ಉದುರಿಸುವುದರಿಂದ ನೇತ್ರವೈದ್ಯರ ಪರೀಕ್ಷೆಯು ಪ್ರಥಮಕರ್ತವ್ಯವು.

ಕೀಳುವಿಕೆಯು ಎರಡು ಬಗೆಯಾಗಿರುವುದು. ಓದುವಾಗ, ಯೋಚಿಸುವಾಗ, ನಿದ್ರೆಗೆ ಮುಂಚೆ ಕೈಯು ತನಗೆ ತಾನೇ ಏರುವುದು ಒಂದು. ಕನ್ನಡಿಯ ಮುಂದೆ ನಿಂತು, ಉಳಿದವುಗಳಿಂದ ಬೇರೆಯಾಗಿ ಒರಟಾಗಿಯೋ ಡೊಂಕಾಗಿಯೋ ತೋರುವ ಒಂದು ಕೂದಲನ್ನು ಹುಡುಕಿ ಕೀಳುವುದು ಇನ್ನೊಂದು. ಕಿತ್ತೊಡನೆ ಒಂದು ಕ್ಷಣದ ಉಪಶಮನ, ಅದರ ಬೆನ್ನಿಗೇ ಪಶ್ಚಾತ್ತಾಪ. ಗದರಿಸುವುದರಿಂದ ಈ ಪಶ್ಚಾತ್ತಾಪವು ಹೆಚ್ಚುವುದು, ಅದರೊಡನೆ ಉದ್ವೇಗವೂ ಹೆಚ್ಚುವುದು. ಉದ್ವೇಗವೇ ಮತ್ತೆ ಕೈಯನ್ನು ಎತ್ತಿಸುವುದು.

1973ರಲ್ಲಿ ಅಮೆರಿಕದ ಏಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಭ್ಯಾಸಪರಿವರ್ತನಕ್ರಮವೇ ಇಂದಿಗೂ ಮುಖ್ಯ ಚಿಕಿತ್ಸೆಯಾಗಿದೆ. ರೋಗಿಯು ಮೊದಲು ತನ್ನ ಕೈಯ ನಡೆಯನ್ನು ತಾನೇ ಕಾಣಲು ಕಲಿಯಬೇಕು: ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ, ಮನಸ್ಸು ಹೇಗಿದ್ದಾಗ ಬೆರಳು ರೆಪ್ಪೆಗೆ ಹೋಯಿತೆಂಬುದನ್ನು ಪ್ರತಿದಿನವೂ ಬರೆದಿಡಬೇಕು. ಬೆರಳು ಮುಖದ ಕಡೆಗೆ ಹೊರಟುದು ತಿಳಿದೊಡನೆ, ಕೀಳುವುದಕ್ಕೆ ಅವಕಾಶವೇ ಇಲ್ಲದ ಬೇರೊಂದು ಕೆಲಸವನ್ನು, ಉದಾಹರಣೆಗೆ ಮುಷ್ಟಿಯನ್ನು ಬಿಗಿಹಿಡಿಯುವುದನ್ನು, ಆಸೆಯ ವೇಗವು ಇಳಿಯುವವರೆಗೆ ಒಂದೆರಡು ನಿಮಿಷ ಕೈಗೆ ಒಪ್ಪಿಸಬೇಕು. ಯೋಗಸೂತ್ರಕಾರನ ಪ್ರತಿಪಕ್ಷಭಾವನೆಯು ಇಲ್ಲಿ ನೆನಪಿಗೆ ಬರುವುದು ಸಹಜ. ಆದರೆ ಅದು ಚಿತ್ತದಲ್ಲಿ ನಡೆಯತಕ್ಕದ್ದು, ಇದು ಬೆರಳಿನಲ್ಲಿ. ಇವೆರಡನ್ನೂ ಒಂದೆಂದು ಸಾಧಿಸಹೊರಡುವುದು ಪಾಂಡಿತ್ಯದ ಚಾಪಲ್ಯವಾದೀತು. ಚಿಮಟವನ್ನು ಮನೆಯಿಂದ ದೂರ ಮಾಡುವುದು, ಕನ್ನಡಿಯ ಮೇಲೆ ಬಟ್ಟೆ ಹೊದಿಸುವುದು, ಬೆರಳತುದಿಗೆ ಪಟ್ಟಿ ಸುತ್ತುವುದು, ಓದುವಾಗ ಕನ್ನಡಕ ಧರಿಸುವುದು ಇವೆಲ್ಲವೂ ಸಹಾಯಕಗಳು. ಮನೆಯವರಲ್ಲಿ ಒಬ್ಬರು, ಮಗುವು ತಡೆದುಕೊಂಡ ಗಳಿಗೆಯನ್ನು ಗುರುತಿಸಿ ಮೆಚ್ಚಬೇಕು. ಕಿತ್ತ ಕೂದಲನ್ನು ಎಣಿಸುವವರಾಗಬಾರದು.

ಔಷಧಗಳ ವಿಷಯದಲ್ಲಿ ಸಿದ್ಧಾಂತವು ಇನ್ನೂ ಸ್ಥಿರಪಟ್ಟಿಲ್ಲ. 2009ರಲ್ಲಿ ಐವತ್ತು ವಯಸ್ಕರಿಗೆ ಹನ್ನೆರಡು ವಾರ ನಡೆದ ಪರೀಕ್ಷೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಂಡವರಲ್ಲಿ ನೂರಕ್ಕೆ 56 ಮಂದಿಯೂ ಹುಸಿಮದ್ದು ಕೊಂಡವರಲ್ಲಿ 16 ಮಂದಿಯೂ ಚೆನ್ನಾಗಿ ಸುಧಾರಿಸಿದರು. 2013ರಲ್ಲಿ ಮಕ್ಕಳಲ್ಲಿ ಪರೀಕ್ಷಿಸಿದಾಗ ಅಂಥ ಭೇದವು ಕಾಣಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳುರೋಗಗಳಿಗೆ ಪ್ರತ್ಯೇಕ ಚಿಕಿತ್ಸಾವಿಭಾಗವಿದೆ.

ಕಿತ್ತ ಎವೆಯು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುವುದು. ವರ್ಷಗಟ್ಟಲೆ ಕಿತ್ತಲ್ಲಿ ಬೇರು ಕೆಟ್ಟು ವಿರಳವಾಗಬಹುದು. ಹೊಸ ಎವೆಯು ಮೊದಮೊದಲು ಮೊಂಡಾಗಿ, ರೆಪ್ಪೆಯ ಅಂಚಿನಲ್ಲಿ ಚುಚ್ಚಿದಂತೆ ತೋರಿ, ಬೆರಳನ್ನು ಮತ್ತೆ ಕರೆಯುತ್ತದೆ. ವಾರಗಳ ಸಂಯಮವು ಒಂದು ಸಂಜೆಯಲ್ಲಿ ಹಾಳಾಗುವುದು ಬಹುಶಃ ಈ ಅವಧಿಯಲ್ಲಿಯೇ. ಮುಷ್ಟಿಯ ಅಭ್ಯಾಸವನ್ನೂ ದಿನಚರಿಯ ಬರಹವನ್ನೂ ಕೂದಲು ಕಾಣಿಸಿಕೊಂಡಿತೆಂದು ಆಗ ಬಿಡತಕ್ಕದ್ದಲ್ಲ.