ವಿದ್ಯಾರ್ಥಿವೇತನ ಮತ್ತು ಅಪ್ರೆಂಟಿಸ್ ತರಬೇತಿ: ದಾಖಲೆಯೇ ಆಧಾರ

ಓದು ಮುಂದುವರಿಸಲು ಸರ್ಕಾರ ಕೊಡುವ ವಿದ್ಯಾರ್ಥಿವೇತನ ಮತ್ತು ಉದ್ದಿಮೆಯೊಂದರಲ್ಲಿ ದುಡಿಯುತ್ತಲೇ ಕಸುಬು ಕಲಿಯುವ ಅಪ್ರೆಂಟಿಸ್ ತರಬೇತಿ ಬೇರೆ ಬೇರೆ ದಾರಿಗಳಂತೆ ಕಂಡರೂ, ಎರಡರಲ್ಲಿಯೂ ಬಡ ಕುಟುಂಬದ ಮಕ್ಕಳು ವಂಚಿತರಾಗುವುದು ಬಹುಮಟ್ಟಿಗೆ ಅರ್ಹತೆಯ ಕೊರತೆಯಿಂದಲ್ಲ, ಆ ಅರ್ಹತೆ ಸರಿಯಾದ ದಾಖಲೆಯಾಗಿ ನೋಂದಣಿಯಾಗದಿರುವುದರಿಂದ.

ಕರ್ನಾಟಕದಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಮುಂತಾದ ಇಲಾಖೆಗಳ ನೆರವಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಮೂಲಕ ಅರ್ಜಿ ಸಲ್ಲಿಸಬೇಕು. ಹತ್ತನೆಯ ತರಗತಿಯವರೆಗಿನ ನೆರವನ್ನು ಮೆಟ್ರಿಕ್ ಪೂರ್ವ, ಅದರ ನಂತರದ್ದನ್ನು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೆನ್ನುತ್ತಾರೆ. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನಮೂದಿಸಿದಾಗ ಪೋರ್ಟಲ್ ಅವನ್ನು ಕಂದಾಯ ದಾಖಲೆಯೊಂದಿಗೆ ತಾಳೆ ನೋಡುವುದರಿಂದ, ಆಧಾರ್, ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳಲ್ಲಿ ಹೆಸರಿನ ಇನಿಷಿಯಲ್ ಬೇರೆಯಾಗಿದ್ದರೂ ಅರ್ಜಿ ಅಲ್ಲಿಯೇ ನಿಲ್ಲಬಹುದು. ಜಾತಿ ಪ್ರಮಾಣಪತ್ರದಂತಲ್ಲದೆ ಆದಾಯ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿದೆ ಎಂಬುದನ್ನು ಅನೇಕ ಪೋಷಕರು ಅರ್ಜಿಯ ಕೊನೆಯ ವಾರದಲ್ಲಷ್ಟೇ ಗಮನಿಸುತ್ತಾರೆ.

ಹಣ ಜಮೆಯಾಗುವ ಹಂತದಲ್ಲಿ ಇನ್ನೊಂದು ತೊಡಕಿದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುವುದೊಂದೇ ಸಾಲದು. ಖಾತೆಯು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಜೋಡಣೆಯಾಗಿರಬೇಕು, ಇದನ್ನೇ ಆಧಾರ್ ಸೀಡಿಂಗ್ ಎನ್ನುವುದು. ಹಲವು ಖಾತೆಗಳಿದ್ದರೆ ಕೊನೆಯದಾಗಿ ಸೀಡಿಂಗ್ ಆದ ಖಾತೆಗೇ ಹಣ ಹೋಗುವುದರಿಂದ, ಬಂದ ಹಣವೂ ಬಂದಿಲ್ಲವೆಂದು ತೋರುವುದುಂಟು. ವಸತಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಡಿ ಹತ್ತು ತಿಂಗಳು ದೊರೆಯುವ ಊಟ, ವಸತಿಯ ನೆರವು ಎಷ್ಟೋ ಮನೆಗಳಲ್ಲಿ ಓದು ನಿಲ್ಲುವುದೋ ಮುಂದುವರಿಯುವುದೋ ಎಂಬುದನ್ನೇ ನಿರ್ಧರಿಸುತ್ತದೆ; ಹೀಗಿರುವಾಗ ಈ ತಾಂತ್ರಿಕ ಹೊಣೆಯನ್ನೆಲ್ಲ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನ ವಿದ್ಯಾರ್ಥಿಯ ಹೆಗಲಿಗೇ ಬಿಡುವುದು ನ್ಯಾಯವಲ್ಲ, ದಾಖಲಾತಿಯ ದಿನವೇ ಕಾಲೇಜುಗಳು ಇದನ್ನು ಪರಿಶೀಲಿಸಬೇಕು.

ಅಪ್ರೆಂಟಿಸ್ ತರಬೇತಿಗೆ ಆಧಾರವಾಗಿರುವುದು 1961ರ ಅಪ್ರೆಂಟಿಸ್ ಕಾಯ್ದೆ. ಐಟಿಐ ಮುಗಿಸಿದವರಷ್ಟೇ ಅಲ್ಲದೆ ಡಿಪ್ಲೊಮಾ ಮತ್ತು ಪದವಿ ಪಡೆದವರೂ ಇದರ ವ್ಯಾಪ್ತಿಗೆ ಬರುತ್ತಾರೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. ತರಬೇತಿಯ ಕಾಲದಲ್ಲಿ ಕೊಡುವ ಶಿಷ್ಯವೇತನದ ಕನಿಷ್ಠ ಮೊತ್ತವನ್ನು ವಿದ್ಯಾರ್ಹತೆಗೆ ತಕ್ಕಂತೆ ಮಾಸಿಕ 5,000ದಿಂದ 9,000 ರೂಪಾಯಿವರೆಗೆ ಅದೇ ತಿದ್ದುಪಡಿ ಗೊತ್ತುಮಾಡಿತು.

ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ, ಆದ್ದರಿಂದ ಸಾಮಾನ್ಯ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಆದರೆ ಆರೋಗ್ಯ, ಸುರಕ್ಷತೆಯ ರಕ್ಷಣೆಯೂ ತರಬೇತಿಯಲ್ಲಿ ಗಾಯಗೊಂಡರೆ ಪರಿಹಾರದ ಹಕ್ಕೂ ಉಂಟು. ಈ ಹಕ್ಕುಗಳ ಬೇರು ಇರುವುದು ಸಂಸ್ಥೆ ಮತ್ತು ಅಭ್ಯರ್ಥಿಯ ನಡುವಿನ ನೋಂದಾಯಿತ ಒಪ್ಪಂದದಲ್ಲಿ. ಒಪ್ಪಂದವಿಲ್ಲದೆ ‘ಟ್ರೈನಿ’ ಎಂಬ ಹೆಸರಿನಲ್ಲಿ ದುಡಿಸಿಕೊಳ್ಳುವ ಕೆಲಸವನ್ನೂ ಅಪ್ರೆಂಟಿಸ್ ತರಬೇತಿಯೆಂದು ನಂಬಿದ ಯುವಕನಿಗೆ ಕೊನೆಯಲ್ಲಿ ರಾಷ್ಟ್ರೀಯ ಪ್ರಮಾಣಪತ್ರವೂ ಸಿಗುವುದಿಲ್ಲ, ಹೀಗಾಗಿ ಸೇರುವ ಮುನ್ನ ಒಪ್ಪಂದದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ. ಐಟಿಐ ಮುಗಿಸಿದವರು ಕೇಂದ್ರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿಯೂ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪದವಿ ಪಡೆದವರು ನ್ಯಾಟ್ಸ್ ಎಂಬ ಪೋರ್ಟಲ್‌ನಲ್ಲಿಯೂ ನೋಂದಾಯಿಸಿಕೊಳ್ಳುತ್ತಾರೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ಕಾರ್ಯಾಗಾರಗಳಂಥ ಸಂಸ್ಥೆಗಳ ಪ್ರಕಟಣೆಗಳನ್ನೂ ಗಮನಿಸುತ್ತಿರಬೇಕು.

ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆ ನೌಕರಿ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ, ಆದರೆ ರೈಲ್ವೆಯು ತನ್ನ ಲೆವೆಲ್ 1 ನೇಮಕಾತಿಯಲ್ಲಿ ಶೇ. 20ರಷ್ಟು ಹುದ್ದೆಗಳನ್ನು ರೈಲ್ವೆಯಲ್ಲಿಯೇ ಅಪ್ರೆಂಟಿಸ್ ತರಬೇತಿ ಪೂರೈಸಿದವರಿಗಾಗಿ ಮೀಸಲಿಟ್ಟಿದೆ.