ಕೇರಂ: ಸ್ಟ್ರೈಕರ್ ಹಿಡಿಯುವ ಮುನ್ನ ರೂಲ್ಸು

ರಾಯಚೂರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದರೆ ಮಧ್ಯಾಹ್ನ ಮೈದಾನಕ್ಕೆ ಇಳಿಯುವ ಮಾತೇ ಇಲ್ಲ. ಮಾನ್ವಿ, ದೇವದುರ್ಗದ ಕಡೆಗೂ ಇದೇ ಕಥೆ. ಶಾಲೆಗೆ ರಜೆ ಬಿಟ್ಟಾಗ ಫ್ಯಾನಿನ ಕೆಳಗೆ ನಾಲ್ವರು ಕೂತು ಆಡಲು ಕೇರಂಗಿಂತ ಒಳ್ಳೆಯ ಆಟ ನನಗೆ ಕಾಣುವುದಿಲ್ಲ. ತೊಂದರೆ ಇರುವುದು ರೂಲ್ಸಿನಲ್ಲಿ. ಮನೆಗೊಂದು ರೂಲ್ಸು, ಓಣಿಗೊಂದು ರೂಲ್ಸು. ಬೀಗರ ಊರಿನಿಂದ ಬಂದ ಹುಡುಗ ಕೆಂಪು ಕಾಯಿ, ಅಂದರೆ ರೆಡ್, ಹಾಕಿದೊಡನೆ ಜಗಳ ಶುರು. ಅಖಿಲ ಭಾರತ ಕೇರಂ ಫೆಡರೇಷನ್ 1956ರಲ್ಲೇ ಹುಟ್ಟಿದೆ, 1988ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ನೂ ಬಂದಿದೆ. ಬರೆದಿಟ್ಟ ನಿಯಮ ಇರುವಾಗ ಜಗಳ ಯಾಕೆ?

ಮನೆಯಲ್ಲಿ ಹೆಚ್ಚಾಗಿ ನಡೆಯುವುದು ಪಾಯಿಂಟ್ ಆಟ. ಕರಿ ಕಾಯಿಗೆ 10, ಬಿಳಿಗೆ 20, ರೆಡ್‌ಗೆ 50. ಯಾವ ಬಣ್ಣವನ್ನಾದರೂ ಹಾಕಬಹುದು, ಹೆಚ್ಚು ಪಾಯಿಂಟ್ ಆದವರು ಗೆದ್ದರು. ಒಂಬತ್ತು ಕರಿ, ಒಂಬತ್ತು ಬಿಳಿ, ಒಂದು ರೆಡ್ ಸೇರಿದರೆ ಬೋರ್ಡಿನ ಮೇಲೆ ಒಟ್ಟು 320. ಚಿಕ್ಕ ಮಕ್ಕಳಿಗೆ ಕೂಡುವ ಲೆಕ್ಕವೂ ಬರುತ್ತದೆ ಎಂಬುದು ಇದರ ಲಾಭ. ಆದರೆ ಟೂರ್ನಮೆಂಟಿನಲ್ಲಿ ಈ ಆಟ ಇಲ್ಲ.

ಟೂರ್ನಮೆಂಟಿನಲ್ಲಿ ಇರುವುದು ಬ್ಲ್ಯಾಕ್-ವೈಟ್. ಮೊದಲು ಹೊಡೆಯುವವರಿಗೆ ಬಿಳಿ, ಎದುರಿನವರಿಗೆ ಕರಿ. ನಡುವೆ ರೆಡ್ ಇಟ್ಟು ಸುತ್ತ ಆರು ಕಾಯಿಗಳನ್ನು ಒಂದು ಕರಿ, ಒಂದು ಬಿಳಿಯಂತೆ ಜೋಡಿಸಬೇಕು. ಅದರ ಹೊರಗೆ ಉಳಿದ ಹನ್ನೆರಡು. ಸ್ಟ್ರೈಕರ್ ಇಡುವಾಗ ಅದು ನಿಮ್ಮ ಮುಂದಿನ ಎರಡೂ ಗೆರೆಗಳನ್ನು ಮುಟ್ಟಿರಬೇಕು. ತುದಿಯ ಕೆಂಪು ವೃತ್ತದ ಮೇಲೆ ಇಡುವುದಾದರೆ ಅದನ್ನು ಪೂರ್ತಿ ಮುಚ್ಚಬೇಕು, ಅರ್ಧ ಮುಚ್ಚಿದರೆ ತಪ್ಪು. ಬೆರಳಿನಿಂದ ಚಿಮ್ಮಬೇಕು, ತಳ್ಳಬಾರದು. ಹೆಬ್ಬೆರಳಿನಿಂದ ಹೊಡೆಯುವುದು ಮೋಸ ಎಂದು ಎಷ್ಟೋ ಕಡೆ ಹೇಳುತ್ತಾರೆ, ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಒಪ್ಪಿಗೆ ಇದೆ. ಸ್ಟ್ರೈಕರ್ ತೂಕ 15 ಗ್ರಾಂ ಮೀರಬಾರದು. ಭಾರದ ಸ್ಟ್ರೈಕರ್ ತಂದು ಕಾಯಿಗಳನ್ನು ಚೆಲ್ಲಾಪಿಲ್ಲಿ ಮಾಡುವುದು ಆಟವಲ್ಲ.

ಇನ್ನು ರೆಡ್. ಜಗಳ ಹುಟ್ಟುವುದೇ ಇಲ್ಲಿ. ನಿಮ್ಮದೊಂದು ಕಾಯಿಯಾದರೂ ಮೊದಲು ಪಾಕೆಟ್‌ಗೆ ಹೋಗಿರಬೇಕು, ಆಮೇಲೆ ರೆಡ್‌ಗೆ ಕೈ ಹಾಕಬಹುದು. ರೆಡ್ ಬಿದ್ದರೆ ಅದೇ ಹೊಡೆತದಲ್ಲಿ ಅಥವಾ ಮರುಹೊಡೆತದಲ್ಲಿ ನಿಮ್ಮ ಕಾಯಿಯೊಂದು ಬೀಳಬೇಕು, ಇದೇ ಕವರ್. "ಇನ್ನೊಂದು ಚಾನ್ಸ್ ಕೊಡ್ರೀ ಅಣ್ಣಾ" ಎಂದು ಕೇಳುವಂತಿಲ್ಲ. ಕವರ್ ತಪ್ಪಿತೆಂದರೆ ರೆಡ್ ಮತ್ತೆ ನಡುವಿನ ವೃತ್ತಕ್ಕೆ. ಸರದಿಯೂ ಎದುರಿನವರಿಗೆ.

ಸ್ಟ್ರೈಕರ್ ಪಾಕೆಟ್‌ಗೆ ಬಿದ್ದರೆ ದಂಡವಾಗಿ, ಅಂದರೆ ಡ್ಯೂ ಆಗಿ, ನೀವು ಹಾಕಿದ ಕಾಯಿಯೊಂದು ಹೊರಗೆ ಬರುತ್ತದೆ, ಸರದಿ ಹೋಗುತ್ತದೆ. ಆ ಕಾಯಿಯನ್ನು ಬೋರ್ಡಿನ ನಡುವಿನ ದೊಡ್ಡ ವೃತ್ತದೊಳಗೆ ಎದುರಾಳಿ ತನಗೆ ಬೇಕಾದಲ್ಲಿ ಇಡುತ್ತಾನೆ. ಜಾಣ ಆಟಗಾರ ಅದನ್ನು ನಿಮ್ಮ ಇನ್ನೊಂದು ಕಾಯಿಯ ದಾರಿಗೆ ಅಡ್ಡ ಇಡುವುದನ್ನು ನೋಡಬೇಕು! ಸ್ಟ್ರೈಕರ್ ಜೊತೆ ನಿಮ್ಮದೇ ಕಾಯಿಯೂ ಬಿದ್ದಿದ್ದರೆ ಅದೂ ಹೊರಗೆ, ಡ್ಯೂ ಕೂಡ ಹೊರಗೆ. ಆದರೆ ಸರದಿ ನಿಮ್ಮದೇ. ಎದುರಿನವರ ಕಾಯಿ ಬಿದ್ದರೆ ಅದು ಅವರ ಲಾಭ, ನಿಮ್ಮ ಸರದಿ ಮುಗಿಯಿತು. ರೆಡ್ ಇನ್ನೂ ಬೋರ್ಡಿನ ಮೇಲಿರುವಾಗ ನಿಮ್ಮ ಕೊನೆಯ ಕಾಯಿ ಬಿದ್ದರೆ ಬೋರ್ಡನ್ನೇ, ಅಂದರೆ ಆ ಸುತ್ತನ್ನೇ, ಸೋತಂತೆ.

ಲೆಕ್ಕ ಸುಲಭ. ಬೋರ್ಡ್ ಗೆದ್ದಾಗ ಎದುರಿನವರ ಎಷ್ಟು ಕಾಯಿ ಉಳಿದಿವೆಯೋ ಅಷ್ಟು ಪಾಯಿಂಟ್. ರೆಡ್ ಕವರ್ ಮಾಡಿದವರೂ ನೀವೇ ಆಗಿದ್ದರೆ ಇನ್ನೂ 3. ಸೋತವರು ರೆಡ್ ಹಾಕಿದ್ದರೆ ಅದರ ಪಾಯಿಂಟ್ ಯಾರಿಗೂ ಇಲ್ಲ. ಒಂದು ಬೋರ್ಡಿನಲ್ಲಿ ಹೆಚ್ಚೆಂದರೆ 12. ಮೊದಲು 25 ಮುಟ್ಟಿದವರು, ಇಲ್ಲವೇ ಎಂಟು ಬೋರ್ಡ್ ಮುಗಿದಾಗ ಮುಂದಿದ್ದವರು ಗೇಮ್ ಗೆದ್ದಂತೆ. ನಿಮ್ಮ ಸ್ಕೋರು 22ಕ್ಕೆ ಬಂದ ಮೇಲೆ ರೆಡ್‌ಗೆ ಪಾಯಿಂಟ್ ಸಿಗುವುದಿಲ್ಲ. ಇದು ಗೊತ್ತಿಲ್ಲದವರು ಅಲ್ಲಿಗೆ ಬಂದ ಮೇಲೂ ರೆಡ್‌ನ 3 ಪಾಯಿಂಟ್ ನಂಬಿಕೊಂಡು ಆಡುತ್ತಾರೆ. ಮ್ಯಾಚ್ ಎಂದರೆ ಮೂರರಲ್ಲಿ ಎರಡು ಗೇಮ್. ನಾಲ್ವರ ಆಟದಲ್ಲಿ ಜೊತೆಗಾರರು ಎದುರುಬದುರು ಕೂರುತ್ತಾರೆ, ಸರದಿ ಬಲಗಡೆಯವರಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರಿ ಬೋರ್ಡ್ ನಿಧಾನವಾಗುತ್ತದೆ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ, ಮಟ್ಟಸವಾಗಿ ಮಲಗಿಸಿಡಿ. ಬೋರಿಕ್ ಪೌಡರ್ ಚಿಟಿಕೆಯಷ್ಟು ಸಾಕು. ಆಡಿದ ಮೇಲೆ ಮಕ್ಕಳು ಕೈ ತೊಳೆಯಲಿ, ಅದು ಬಾಯಿಗೆ ಹೋಗಬಾರದು.

2024ರಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಚೆನ್ನೈನ ಆಟೊ ಚಾಲಕರ ಮಗಳು ಖಾಜಿಮಾ ಮೂರು ಚಿನ್ನ ಗೆದ್ದರು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಬೆರಳಿಗೂ ಆ ಗುರಿ ಬರಬಲ್ಲದು. ಶಾಲೆಯ, ಹಾಸ್ಟೆಲಿನ ಆಟದ ಕೋಣೆಗೆ ಬೋರ್ಡ್ ತರುವವರು ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಹುಡುಗಿಯರ ಹಾಸ್ಟೆಲಿಗೂ ಒಂದು ಬೋರ್ಡ್ ಕೊಡಿಸಿ.