ಮಂಜಿನಲ್ಲಿ ಬೆಟ್ಟ ಎಲ್ಲಿ?

ಮೊನ್ನೆ ಚನ್ನರಾಯಪಟ್ಟಣದಿಂದ ಮೊಮ್ಮಗನನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಬೆಳಗಿನ ಏಳು ಗಂಟೆ. ಮಾಗಿಯ ಮಂಜು. ಬುಡದಲ್ಲೇ ನಿಂತಿದ್ದರೂ ವಿಂಧ್ಯಗಿರಿ ಕಾಣದು!

"ತಾತ, ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಂಥ ಮಂಜಿನಲ್ಲಿ ಸಣ್ಣ ವಿಮಾನ ಬಂದರೆ, ಎದುರಿಗೆ ಬೆಟ್ಟ ಇರೋದು ಪೈಲಟ್‌ಗೆ ಹೇಗೆ ಗೊತ್ತಾಗುತ್ತೆ?" ಅಂದ.

ಒಳ್ಳೆಯ ಪ್ರಶ್ನೆ. ಎಂಜಿನ್ ಸರಿಯಾಗಿದ್ದು, ಪೈಲಟ್ ಹಿಡಿತದಲ್ಲೇ ಇದ್ದು, ಬೆಟ್ಟ ಕಾಣದೆ ಹೋಗಿ ಬಡಿದ ವಿಮಾನಗಳು ಲೋಕದಲ್ಲಿ ಎಷ್ಟೋ. ಇದನ್ನು ತಪ್ಪಿಸಲೆಂದೇ ಕೆನಡಾದಲ್ಲಿ ಹುಟ್ಟಿದ ಎಂಜಿನಿಯರ್ ಡಾನ್ ಬೇಟ್‌ಮನ್ 1960ರ ದಶಕದ ಕೊನೆಗೆ ಒಂದು ಯಂತ್ರ ರೂಪಿಸಿದರು. ವಿಮಾನದ ಹೊಟ್ಟೆಯಿಂದ ನೆಲಕ್ಕೆ ರೇಡಿಯೋ ಅಲೆ ಹೋಗುತ್ತದೆ. ಅದು ಮರಳಿ ಬರಲು ಹಿಡಿಯುವ ಹೊತ್ತಿನಿಂದ ಎತ್ತರ ತಿಳಿಯುತ್ತದೆ. ನೆಲ ಬೇಗ ಬೇಗ ಹತ್ತಿರವಾದರೆ ಯಂತ್ರ ಪೈಲಟ್‌ಗೆ ಎಚ್ಚರಿಕೆ ಕೊಡುತ್ತದೆ. ಆದರೆ ಅದು ನೋಡುತ್ತಿದ್ದದ್ದು ಕೆಳಕ್ಕೆ ಮಾತ್ರ. ಗೋಡೆಯಂತೆ ಎದ್ದ ಬೆಟ್ಟ ಎದುರಾದರೆ ತಪ್ಪಿಸಿಕೊಳ್ಳಲು ಹೊತ್ತು ಸಾಲದು.

1990ರ ದಶಕದಲ್ಲಿ ಬೇಟ್‌ಮನ್ ತಂಡ ಯಂತ್ರದೊಳಗೆ ಬೆಟ್ಟಗುಡ್ಡಗಳ ನಕ್ಷೆಯನ್ನೇ ಕೂರಿಸಿತು. ಸೋವಿಯತ್ ಒಕ್ಕೂಟ ಒಡೆದಾಗ ಹೊರಬಂದ ಗುಟ್ಟಿನ ನಕ್ಷೆಗಳನ್ನೂ ಕೊಂಡು ತಂದರಂತೆ! ವಿಮಾನ ಎಲ್ಲಿದೆಯೆಂದು ಉಪಗ್ರಹ ತಿಳಿಸುತ್ತದೆ, ಮುಂದೇನಿದೆಯೆಂದು ನಕ್ಷೆ. "ಟೆರೇನ್, ಟೆರೇನ್! ಪುಲ್ ಅಪ್!" ಎಂದು ಯಂತ್ರ ಕೂಗುತ್ತದೆ. ಬೆಟ್ಟವಿದೆ, ಮೇಲೇರಿಸು ಎಂದು. ಅಂದಹಾಗೆ ಮಕ್ಕಳೇ, ಉಪಗ್ರಹ ತೋರಿಸುವ ಜಾಗವನ್ನು ಇನ್ನಷ್ಟು ನಿಖರಗೊಳಿಸುವುದು ನಮ್ಮ 'ಗಗನ್' ವ್ಯವಸ್ಥೆ. ಅದರ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದ ಇಸ್ರೋ ಕೇಂದ್ರವೇ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ 5,700 ಕಿಲೋಗಿಂತ ಹೆಚ್ಚು ತೂಕದ, ಅಥವಾ 9ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಟರ್ಬೈನ್ ವಿಮಾನಗಳಲ್ಲಿ ಈ ಮುಂದೆ ನೋಡುವ ಯಂತ್ರ ಇರಲೇಬೇಕು.

ಸಂಜೆ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಆರತಕ್ಷತೆಗೆ ಹೊರಟಾಗ ಹುಡುಗ ಟಿಟಿಯೊಳಗೆ ತಲೆ ಎಣಿಸಿದ. ಡ್ರೈವರ್ ಬಿಟ್ಟು ಸರಿಯಾಗಿ ಒಂಬತ್ತು.

"ಹಾಗಾದ್ರೆ ನಮಗೆ ಬೇಡವಾ ತಾತ?"

"ಒಂಬತ್ತು ಜನಕ್ಕೆ ಬೆಟ್ಟ ಮೆತ್ತಗಿರುತ್ತಾ?" ಅವನ ಅಜ್ಜಿ ಹಿಂದಿನಿಂದ ಕೇಳಿದಳು.

ಅಮೆರಿಕದಲ್ಲಿ 2005ರಿಂದಲೇ 6 ಪ್ರಯಾಣಿಕರ ಸೀಟಿನ ಟರ್ಬೈನ್ ವಿಮಾನಕ್ಕೂ ಇಂಥ ಯಂತ್ರ ಕಡ್ಡಾಯ. ಅಂತರರಾಷ್ಟ್ರೀಯ ನಿಯಮವೂ ಈಗ ಸಣ್ಣ ವಿಮಾನಗಳತ್ತ ತಿರುಗಿದೆ. 2026ರ ಜನವರಿ 1ರಿಂದ ಈಚೆಗೆ ಮೊದಲ ಸಲ ಹಾರಾಟದ ಅರ್ಹತಾ ಪತ್ರ ಪಡೆಯುವ, 6ರಿಂದ 9 ಪ್ರಯಾಣಿಕರ ಟರ್ಬೈನ್ ವಿಮಾನಕ್ಕೂ ನೆಲದ ಎಚ್ಚರಿಕೆ ಯಂತ್ರ ಬೇಕು. ಹಳೆಯ ಸಣ್ಣ ವಿಮಾನಗಳು ಹೊರಗೇ ಉಳಿದವು. ನನಗಂತೂ ಇದು ಸರಿಕಾಣದು.

ಯಂತ್ರ ಇದ್ದೂ ಕೆಡುವುದುಂಟು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನದಲ್ಲಿ ಯಂತ್ರ ಎಚ್ಚರಿಸಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಕೂಡ ಹೇಳಿದ್ದರು. 158 ಜನ ತೀರಿಕೊಂಡರು.

"ಅಷ್ಟು ಕೂಗಿದ್ರೂ ಯಾಕೆ ಕೇಳಲಿಲ್ಲ ತಾತ?"

ನಾನು ಕಿಟಕಿಯಾಚೆ ನೋಡಿದೆ. ಹೇಮಾವತಿ ಸೇತುವೆ ಬಂದಿತ್ತು.